ಬೆನ್ನ ಮೇಲಿನ ಜಿಪಿಎಸ್: ಓಟ ಆಟಗಾರನದು, ಅಂಕಿ ಯಾರದು?

ಟೀವಿಯಲ್ಲಿ ರಗ್ಬಿ ಪಂದ್ಯ ಬರುವಾಗ ಆಟಗಾರರ ಬೆನ್ನನ್ನು ಒಮ್ಮೆ ಗಮನಿಸಿ. ಕತ್ತಿನ ಕೆಳಗೆ, ಎರಡು ಹೆಗಲೆಲುಬುಗಳ ನಡುವೆ, ಜೆರ್ಸಿಯೊಳಗೆ ಸಣ್ಣ ಉಬ್ಬೊಂದು ಕಾಣುತ್ತದೆ. ಅದು ಗಾಯವೂ ಅಲ್ಲ, ರಕ್ಷಾಕವಚವೂ ಅಲ್ಲ, ಜಿಪಿಎಸ್ ಉಪಕರಣ. ಬಿಗಿಯಾದ ಒಳಅಂಗಿಯ ಜೇಬಿನಲ್ಲಿ ಕೂತು, ಆಟಗಾರ ಎಲ್ಲಿದ್ದಾನೆ, ಎಷ್ಟು ವೇಗದಲ್ಲಿ ಓಡುತ್ತಿದ್ದಾನೆ ಎಂಬುದನ್ನು ಸೆಕೆಂಡಿಗೆ 10 ಸಲ ಬರೆದಿಡುತ್ತದೆ. 80 ನಿಮಿಷದ ಒಂದು ಪಂದ್ಯ ಮುಗಿಯುವ ಹೊತ್ತಿಗೆ ಒಬ್ಬ ಆಟಗಾರನಿಂದ 48,000 ದಾಖಲೆಗಳು. ಮೆಲ್ಬರ್ನ್‌ನಲ್ಲಿ 2006ರಲ್ಲಿ ಶುರುವಾದ ಕ್ಯಾಟಪಲ್ಟ್, ಉತ್ತರ ಐರ್ಲೆಂಡಿನ ಸ್ಟ್ಯಾಟ್‌ಸ್ಪೋರ್ಟ್ಸ್ ಮೊದಲಾದ ಕಂಪನಿಗಳ ದೊಡ್ಡ ವ್ಯಾಪಾರವೇ ಇದು. ಇಂಗ್ಲೆಂಡ್, ಐರ್ಲೆಂಡ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ವೃತ್ತಿಪರ ತಂಡಗಳಲ್ಲಿ ಈ ಉಪಕರಣವಿಲ್ಲದ ಅಭ್ಯಾಸದ ದಿನವೇ ಅಪರೂಪ.

ರಗ್ಬಿ ನಮ್ಮ ಆಟವಲ್ಲವಲ್ಲ, ನಮಗೇಕೆ ಈ ಮಾತು ಎಂದು ಕೇಳಬಹುದು. ಪೂರ್ತಿ ಹೊರಗಿನದೂ ಅಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತಿರುವ ಕಲ್ಕತ್ತಾ ಕಪ್, ಮುಚ್ಚಿಹೋದ ಕಲ್ಕತ್ತಾ ಕ್ಲಬ್ಬೊಂದರ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಹತ್ತಿರದ ಸುದ್ದಿ ಬೇಕೆಂದರೆ, 2025ರ ಜೂನ್‌ನಲ್ಲಿ ಮುಂಬೈನ ಅಂಧೇರಿಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. 6 ತಂಡ, 15 ದಿನ, 34 ಪಂದ್ಯ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಕಪ್ ಚೆನ್ನೈ ಬುಲ್ಸ್ ಪಾಲಾಯಿತು. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಊರಿನ ತಂಡವನ್ನು ಬೆಂಬಲಿಸುವುದೋ ಅನ್ನ ಕೊಟ್ಟ ನಗರದ ತಂಡವನ್ನೋ ಎಂಬ ಐಪಿಎಲ್ ಇಕ್ಕಟ್ಟು ಈಗ ರಗ್ಬಿಯಲ್ಲೂ ಬಂದಿದೆ.

ಆ ಲೀಗ್‌ನಲ್ಲಿ ಆಡಿದ್ದು 'ಸೆವೆನ್ಸ್' ಮಾದರಿ. ಒಂದು ತಂಡದಲ್ಲಿ 7 ಜನ. ಮೈದಾನ ಮಾತ್ರ 15 ಜನರ ಆಟದಷ್ಟೇ ದೊಡ್ಡದು. ಅಂದರೆ ಒಬ್ಬೊಬ್ಬನ ಪಾಲಿಗೆ ಖಾಲಿ ಜಾಗ ಹೆಚ್ಚು, ಓಟವೇ ಬಂಡವಾಳ. ಇಂಥ ಆಟ ಭಾರತದಲ್ಲಿ ಹಣದ ಲೀಗ್ ಆಗಿ ಬೆಳೆಯತೊಡಗಿದರೆ, ಆಟಗಾರನ ಆಯ್ಕೆ, ಸಂಭಾವನೆ, ಮುಂದಿನ ವರ್ಷದ ಒಪ್ಪಂದ ಎಲ್ಲವೂ ಬೆನ್ನ ಮೇಲಿನ ಆ ಡಬ್ಬಿ ಹೇಳುವ ಅಂಕಿಗಳನ್ನು ನೆಚ್ಚಿಕೊಳ್ಳುವ ದಿನ ದೂರವಿಲ್ಲ. ಆದ್ದರಿಂದ ಆ ಅಂಕಿಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಮುಂಬೈನಲ್ಲಿ ನನ್ನ ಕೆಲಸ ಸರಕು ಸಾಗಣೆ ವಾಹನಗಳ ಜಿಪಿಎಸ್ ದತ್ತಾಂಶವನ್ನು ಶುದ್ಧಗೊಳಿಸುವ ತಂತ್ರಾಂಶ ಬರೆಯುವುದು. ಲಾರಿಗೂ ರಗ್ಬಿ ಆಟಗಾರನಿಗೂ ಉಪಗ್ರಹದ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ.

ಮೊದಲು ಯಂತ್ರದ ಮಾತು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಸದಾ ಸಮಯದ ಸಂಕೇತ ಕಳಿಸುತ್ತಿರುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕರೆ ನಾವಿರುವ ಜಾಗ ಲೆಕ್ಕಕ್ಕೆ ಸಿಗುತ್ತದೆ. ಈ ಜಾಗದ ಲೆಕ್ಕದಲ್ಲಿ ಕೆಲವು ಮೀಟರ್‌ಗಳ ತಪ್ಪು ಮಾಮೂಲು. ಲೋವರ್ ಪರೇಲ್‌ನ ಗಗನಚುಂಬಿಗಳ ನಡುವೆ ನಿಂತ ಲಾರಿ ನನ್ನ ಪರದೆಯಲ್ಲಿ ಪಕ್ಕದ ಕಟ್ಟಡದೊಳಗೆ ನಿಂತಂತೆ ಕಾಣುವುದು ದಿನನಿತ್ಯದ ಸಂಗತಿ. ಸಂಕೇತ ಗೋಡೆಗೆ ಬಡಿದು ಸುತ್ತು ಹಾಕಿ ಬರುವುದೇ ಇದಕ್ಕೆ ಕಾರಣ. ಎತ್ತರದ ಗ್ಯಾಲರಿ, ಚಾವಣಿ ಇರುವ ಕ್ರೀಡಾಂಗಣಗಳಲ್ಲೂ ಇದೇ ತೊಂದರೆ.

ಆದರೆ ವೇಗದ ವಿಷಯ ಸ್ವಲ್ಪ ಬೇರೆ. ಒಳ್ಳೆಯ ಉಪಕರಣಗಳು ಎರಡು ಜಾಗಗಳ ನಡುವಿನ ದೂರ ಕಳೆದು ವೇಗ ಹೇಳುವುದಿಲ್ಲ. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರುತ್ತದೆ, ದಾಟಿ ಹೋದ ಮೇಲೆ ಇಳಿಯುತ್ತದೆ ಅಲ್ಲವೇ? ಅದೇ ಡಾಪ್ಲರ್ ಪರಿಣಾಮವನ್ನು ಉಪಗ್ರಹದ ಸಂಕೇತದಲ್ಲಿ ಅಳೆದು ವೇಗವನ್ನು ನೇರವಾಗಿ ಪಡೆಯುತ್ತವೆ. ಹಾಗಾಗಿ ಜಾಗ ತಪ್ಪಿದರೂ ವೇಗ ತಕ್ಕಮಟ್ಟಿಗೆ ಸರಿ ಇರುತ್ತದೆ. ನೆಟ್ಟಗೆ, ಪೂರ್ಣ ವೇಗದಲ್ಲಿ ಓಡುವ ಆಟಗಾರನ ಗರಿಷ್ಠ ವೇಗವನ್ನು ಸೆಕೆಂಡಿಗೆ 10 ದಾಖಲೆಯ ಉಪಕರಣ ಚೆನ್ನಾಗಿಯೇ ಹೇಳುತ್ತದೆ. ತೊಡಕು ಶುರುವಾಗುವುದು ನಿಂತಲ್ಲಿಂದ ಚಿಮ್ಮುವಾಗ, ಸರಕ್ಕನೆ ದಿಕ್ಕು ಬದಲಿಸುವಾಗ. ಹೈಸ್ಕೂಲಿನಲ್ಲಿ ಓದಿದ ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ವೇಗದಿಂದಲೇ ಲೆಕ್ಕ ಹಾಕಬೇಕಾದದ್ದು. ವೇಗದಲ್ಲಿರುವ ಸಣ್ಣ ತಪ್ಪು ಈ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಅದನ್ನು ನಯಗೊಳಿಸಲು ಪ್ರತಿ ಕಂಪನಿಯೂ ತನ್ನದೇ ಜರಡಿ ಹಿಡಿಯುತ್ತದೆ. ಜರಡಿಯ ಕಣ್ಣು ದೊಡ್ಡದಾದರೆ ಒಂದು ಅಂಕಿ, ಚಿಕ್ಕದಾದರೆ ಇನ್ನೊಂದು. ಹೀಗಾಗಿ ಒಂದು ಕಂಪನಿಯ ಉಪಕರಣದ ಅಂಕಿಯನ್ನು ಮತ್ತೊಂದರ ಜೊತೆ ಇಟ್ಟು ಹೋಲಿಸುವುದು ಸೇರನ್ನು ಕಿಲೋ ಜೊತೆ ಹೋಲಿಸಿದ ಹಾಗೆ.

ಈಗ 'ಸ್ಪ್ರಿಂಟ್ ಪ್ರೊಫೈಲ್' ಎಂದರೇನು ನೋಡೋಣ. ಇದು ಹೊಸ ವಿಚಾರವಲ್ಲ. ಸ್ನಾಯುಗಳ ಅಧ್ಯಯನಕ್ಕಾಗಿ 1922ರ ನೊಬೆಲ್ ಹಂಚಿಕೊಂಡ ಬ್ರಿಟಿಷ್ ವಿಜ್ಞಾನಿ ಎ.ವಿ. ಹಿಲ್, ಸುಮಾರು ನೂರು ವರ್ಷದ ಹಿಂದೆಯೇ ಓಟಗಾರನ ಮೈಗೆ ಅಯಸ್ಕಾಂತ ಕಟ್ಟಿ, ದಾರಿಯುದ್ದಕ್ಕೂ ತಂತಿ ಸುರುಳಿಗಳನ್ನಿಟ್ಟು, ಆತ ಪ್ರತಿ ಸುರುಳಿಯನ್ನು ದಾಟಿದ ಹೊತ್ತನ್ನು ವಿದ್ಯುತ್ ಮಿಡಿತದಿಂದ ದಾಖಲಿಸಿದ್ದ. ಆಗ ಕಂಡದ್ದು ಇಷ್ಟು: ಓಟಗಾರನ ವೇಗ ಮೊದಲು ಭರ್ರನೆ ಏರುತ್ತದೆ, ಆಮೇಲೆ ನಿಧಾನವಾಗಿ ಏರುತ್ತಾ ಒಂದು ಮಿತಿಗೆ ಬಂದು ನಿಲ್ಲುತ್ತದೆ. ಈ ಗೆರೆಯನ್ನು ಎರಡೇ ಅಂಕಿಗಳಲ್ಲಿ ಹಿಡಿದಿಡಬಹುದು. ಒಂದು, ಮುಟ್ಟಬಲ್ಲ ಗರಿಷ್ಠ ವೇಗ. ಇನ್ನೊಂದು, ಆ ವೇಗದತ್ತ ಎಷ್ಟು ಬೇಗ ಏರುತ್ತಾನೆ ಎಂಬುದು.

ರಗ್ಬಿಗೆ ಈ ಎರಡನೆಯ ಅಂಕಿ ಯಾಕೆ ಮುಖ್ಯ ಎನ್ನುವುದಕ್ಕೆ ನಾನೇ ಊಹಿಸಿಕೊಂಡ ಇಬ್ಬರು ಆಟಗಾರರನ್ನು ತೆಗೆದುಕೊಳ್ಳುತ್ತೇನೆ. ಒಬ್ಬ ಅಂಚಿನಲ್ಲಿ ಓಡುವ ವಿಂಗ್. ತೂಕ 85 ಕಿಲೋ, ಗರಿಷ್ಠ ವೇಗ ಸೆಕೆಂಡಿಗೆ 9.5 ಮೀಟರ್. ಇನ್ನೊಬ್ಬ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ನೂಕುವ ಪ್ರಾಪ್. ತೂಕ 115 ಕಿಲೋ, ಗರಿಷ್ಠ ವೇಗ 7.8 ಮೀಟರ್. ಆದರೆ ತನ್ನ ಮಿತಿಯತ್ತ ಪ್ರಾಪ್ ಕೊಂಚ ಬೇಗ ಏರುತ್ತಾನೆ ಎಂದುಕೊಳ್ಳಿ. ಹಿಲ್‌ನ ಕಾಲದ ಅದೇ ಸೂತ್ರಕ್ಕೆ ಇವನ್ನು ಹಾಕಿದರೆ, 30 ಮೀಟರ್ ದಾಟಲು ವಿಂಗ್‌ಗೆ ಸುಮಾರು 4.4 ಸೆಕೆಂಡ್, ಪ್ರಾಪ್‌ಗೆ 4.9. ಅರ್ಧ ಸೆಕೆಂಡ್ ಅಂತರ; ಮೈದಾನದಲ್ಲಿ ಅದು ಹಗಲು ರಾತ್ರಿಯ ವ್ಯತ್ಯಾಸ. ಆದರೆ ಮೊದಲ 5 ಮೀಟರ್‌ಗೆ ಒಬ್ಬನಿಗೆ 1.37, ಇನ್ನೊಬ್ಬನಿಗೆ 1.45 ಸೆಕೆಂಡ್. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಅಂತರವಿಲ್ಲ. ಆ 5 ಮೀಟರ್ ತುದಿಯಲ್ಲಿ ಇಬ್ಬರ ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗ, ಅಂದರೆ ಎದುರಾಳಿಗೆ ಬಡಿಯುವ ಬಲದ ಅಂದಾಜು, ಪ್ರಾಪ್‌ನದೇ ಕಾಲುಭಾಗ ಹೆಚ್ಚು. ರಗ್ಬಿಯಲ್ಲಿ ಹೆಚ್ಚಿನ ಡಿಕ್ಕಿಗಳು ನಡೆಯುವುದು ಇಂಥ ಚಿಕ್ಕ ಓಟಗಳ ಕೊನೆಯಲ್ಲೇ. 'ಇವನು ನಿಧಾನ' ಎಂದು ಗರಿಷ್ಠ ವೇಗ ನೋಡಿ ಬರೆದವನು ಆಟದ ಅರ್ಧ ಭಾಗವನ್ನೇ ನೋಡಿಲ್ಲ ಎಂದಾಯಿತು.

ಮೊದಲೆಲ್ಲ ಈ ಪ್ರೊಫೈಲ್ ಪಡೆಯಲು ಆಟಗಾರರನ್ನು ಸಾಲಾಗಿ ನಿಲ್ಲಿಸಿ, ರೇಡಾರ್ ಗನ್ ಅಥವಾ ಬೆಳಕಿನ ಗೇಟ್ ಇಟ್ಟು, ಒಬ್ಬೊಬ್ಬರನ್ನೇ ಓಡಿಸಬೇಕಿತ್ತು. ಈಗಿನ ದಾರಿ ಬೇರೆ. ಫ್ರೆಂಚ್ ಸಂಶೋಧಕ ಜಾನ್-ಬೆನ್ವಾ ಮೊರಾಂ ಮತ್ತು ಸಂಗಡಿಗರು 2021ರಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಮಾಡಿ ತೋರಿಸಿದ ವಿಧಾನ ಸರಳವಾಗಿದೆ. ಹಲವು ದಿನದ ಅಭ್ಯಾಸದ ಜಿಪಿಎಸ್ ದಾಖಲೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಚುಕ್ಕಿಗಳಾಗಿ ಹಾಕಿ. ಅಡ್ಡಕ್ಕೆ ವೇಗ, ಉದ್ದಕ್ಕೆ ವೇಗೋತ್ಕರ್ಷ. ಚುಕ್ಕಿಗಳ ದೊಡ್ಡ ಮೋಡವೊಂದು ಕಾಣುತ್ತದೆ. ಆ ಮೋಡದ ಮೇಲಂಚನ್ನು ಸವರಿಕೊಂಡು ಒಂದು ಗೆರೆ ಎಳೆದರೆ, ಆ ಆಟಗಾರನ ಸಾಮರ್ಥ್ಯದ ಮಿತಿ ಸಿಕ್ಕಂತೆ. ಗೆರೆ ಒಂದು ಕಡೆ ಮುಟ್ಟುವಲ್ಲಿ ಗರಿಷ್ಠ ವೇಗೋತ್ಕರ್ಷ, ಇನ್ನೊಂದು ಕಡೆ ಗರಿಷ್ಠ ವೇಗ. ಬೇರೆ ಪರೀಕ್ಷೆ ಬೇಡ, ಬೇರೆ ದಿನ ಬೇಡ. ಆಡುತ್ತಾ ಆಡುತ್ತಲೇ ಪರೀಕ್ಷೆ ಮುಗಿದಿರುತ್ತದೆ. ತಂತ್ರಾಂಶದವನಾಗಿ ನನಗೆ ಈ ವಿಧಾನ ಬಹಳ ಇಷ್ಟವಾಯಿತು.

ಆದರೆ ಇಲ್ಲಿಯೇ ಒಂದು ಮುಳ್ಳಿದೆ. ಆ ಮೋಡದಲ್ಲಿರುವುದು ಆಟಗಾರ ಏನು ಮಾಡಿದ ಎಂಬುದು, ಏನು ಮಾಡಬಲ್ಲ ಎಂಬುದಲ್ಲ. ಎರಡೂ ಒಂದೇ ಆಗಬೇಕಾದರೆ, ಆತನಿಗೆ ಆ ದಿನಗಳಲ್ಲಿ ಪೂರ್ಣ ಬಲದಿಂದ ಚಿಮ್ಮುವ, ತಡೆಯಿಲ್ಲದೆ ಉದ್ದಕ್ಕೆ ಓಡುವ ಅವಕಾಶ ಸಿಕ್ಕಿರಬೇಕು. ಪಂದ್ಯದಲ್ಲಿ ಪ್ರಾಪ್‌ಗೆ ಎದುರು ಖಾಲಿ 30 ಮೀಟರ್ ಸಿಗುವುದು ಅಪರೂಪ. ಬೆಂಚಿನ ಮೇಲೆ ಕೂತು ಕೊನೆಯ 2 ನಿಮಿಷ ಮೈದಾನಕ್ಕಿಳಿದ ಹುಡುಗನಿಗೆ ಚೆಂಡೇ ಸಿಗದಿರಬಹುದು. ಅವರ ಮೋಡ ಚಿಕ್ಕದು, ಗೆರೆ ಕೆಳಗೆ. ಪರದೆಯ ಮೇಲೆ ಅದು ಸಾಮರ್ಥ್ಯದ ಕೊರತೆಯಾಗಿ ಕಾಣುತ್ತದೆ; ನಿಜದಲ್ಲಿ ಅದು ಅವಕಾಶದ ಕೊರತೆ. ಅವಕಾಶ ಸಿಗದ್ದಕ್ಕೆ ಅಂಕಿ ಕಡಿಮೆ, ಅಂಕಿ ಕಡಿಮೆ ಎಂದು ಮತ್ತೆ ಅವಕಾಶವಿಲ್ಲ. ಹೀಗೆ ಸುಳಿ ಸುತ್ತತೊಡಗಿದರೆ ಹೊರಬರುವುದು ಕಷ್ಟ.

ಇದರದೇ ಇನ್ನೊಂದು ರೂಪ 'ಸ್ಪ್ರಿಂಟ್ ಎಣಿಕೆ'. ಅನೇಕ ವರದಿಗಳಲ್ಲಿ ಸೆಕೆಂಡಿಗೆ 7 ಮೀಟರ್ ದಾಟಿದರೆ ಮಾತ್ರ ಅದು ಸ್ಪ್ರಿಂಟ್. ಮೇಲೆ ಹೇಳಿದ ವಿಂಗ್ ತನ್ನ ಶಕ್ತಿಯ ಶೇ 74ರಷ್ಟು ಓಡಿದರೆ ಈ ಗೆರೆ ದಾಟುತ್ತಾನೆ. ಪ್ರಾಪ್ ದಾಟಬೇಕಾದರೆ ಶೇ 90 ಸುರಿಯಬೇಕು. ಒಬ್ಬ ಹಗುರವಾಗಿ ಓಡಿ 10 ಸ್ಪ್ರಿಂಟ್ ಬರೆಸಿಕೊಳ್ಳುತ್ತಾನೆ, ಇನ್ನೊಬ್ಬ ಉಸಿರು ಕಟ್ಟಿ ಓಡಿ ಸೊನ್ನೆ. ಪ್ರತಿಯೊಬ್ಬನ ಸ್ವಂತ ಗರಿಷ್ಠದ ಶೇಕಡಾವಾರು ಲೆಕ್ಕ ಇಟ್ಟರೆ ಈ ಅನ್ಯಾಯ ತಪ್ಪುತ್ತದೆ. ಒಳ್ಳೆಯ ತಂಡಗಳು ಹಾಗೆ ಮಾಡುತ್ತವೆ. ಅಗ್ಗದ ಉಪಕರಣ ಕೊಂಡು, ಕಂಪನಿ ಕೊಟ್ಟ ಸಿದ್ಧ ವರದಿಯನ್ನೇ ಓದುವ ತಂಡಗಳು ಹಾಗೆ ಮಾಡುತ್ತವೆ ಎನ್ನಲಾಗದು.

ಸಂದರ್ಭ ಬಿಟ್ಟ ಅಂಕಿ ಹೇಗೆ ಊರು ಸುತ್ತುತ್ತದೆ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2020ರ ಫೆಬ್ರವರಿಯಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ ಸುದ್ದಿ ನಾವಿರುವ ಊರುಗಳ ಆಫೀಸುಗಳಲ್ಲೆಲ್ಲ ಹರಿದಾಡಿತ್ತು. ಯಾರೋ ತ್ರೈರಾಶಿ ಹಾಕಿ 100 ಮೀಟರ್‌ಗೆ 9.55 ಎಂದರು. ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಕೇಂದ್ರ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಕಂಬಳದ ಓಟವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದು ಗೌಡರು ನಯವಾಗಿ ದೂರ ಉಳಿದರು. ಅವರ ಮಾತಿನಲ್ಲಿ ವಿಜ್ಞಾನವಿತ್ತು. ಕೋಣಗಳ ಸೆಳೆತ, ಕೆಸರು, ಓಟದ ಆರಂಭವನ್ನು ಗುರುತಿಸುವ ಬಗೆ ಎಲ್ಲವೂ ಬೇರೆಯಾದಾಗ ಸರಾಸರಿ ವೇಗ ಒಂದೇ ಇದ್ದರೂ ಓಟ ಒಂದೇ ಅಲ್ಲ. ಗೌಡರ ಸಾಧನೆ ಕಂಬಳದಲ್ಲಿ ದೊಡ್ಡದೇ; ಅದನ್ನು ದೊಡ್ಡದೆನ್ನಲು ಬೋಲ್ಟ್‌ನ ಸಾಕ್ಷಿ ಬೇಕಿರಲಿಲ್ಲ.

ಹಾಗಾದರೆ ಈ ಜಿಪಿಎಸ್ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಆಟಗಾರನನ್ನು ಬೇರೆಯವರ ಜೊತೆಗಲ್ಲ, ಅವನ ಜೊತೆಗೇ ಹೋಲಿಸಿದಾಗ ಅದರ ಬೆಲೆ ಗೊತ್ತಾಗುತ್ತದೆ. ತೊಡೆಯ ಹಿಂಭಾಗದ ಸ್ನಾಯು ಸೆಳೆತಕ್ಕೆ ಸಿಕ್ಕ ಆಟಗಾರ ಆರು ವಾರದ ಬಳಿಕ ಮರಳುತ್ತಾನೆ. ನೋವಿಲ್ಲ ಎನ್ನುತ್ತಾನೆ, ಆಡುವ ಹಂಬಲದಲ್ಲಿ ಎಲ್ಲರೂ ಹಾಗೆಯೇ ಹೇಳುವುದು. ಗಾಯದ ಮುಂಚಿನ ಅವನ ಗೆರೆಯ ಮೇಲೆ ಈಗಿನ ಗೆರೆಯನ್ನಿಟ್ಟು ನೋಡಿದರೆ, ಗರಿಷ್ಠ ವೇಗ ಮರಳಿದೆಯೇ, ಚಿಮ್ಮುವ ಬಲ ಮರಳಿದೆಯೇ ಎಂದು ಬೇರೆ ಬೇರೆಯಾಗಿ ತಿಳಿಯುತ್ತದೆ. ವಾರಗಟ್ಟಲೆ ಪೂರ್ಣ ವೇಗದಲ್ಲಿ ಓಡದ ಆಟಗಾರನನ್ನು ನೇರ ಪಂದ್ಯಕ್ಕೆ ನೂಕುವ ಮೊದಲು ಕೋಚ್‌ಗೆ ಎಚ್ಚರಿಕೆಯೂ ಸಿಗುತ್ತದೆ. ಇಂಥ ಕಡೆ ಈ ಅಂಕಿ ಆಟಗಾರನ ಪರವಾಗಿ ಮಾತಾಡುತ್ತದೆ.

ಇಲ್ಲಿಂದ ಮುಂದಿನದು ಹಕ್ಕಿನ ಪ್ರಶ್ನೆ. ಆ ಹಳೆಯ ಗೆರೆ ಎಲ್ಲಿದೆ? ಹಿಂದಿನ ತಂಡದ ಖಾತೆಯಲ್ಲಿ. ಆಟಗಾರ ತಂಡ ಬದಲಿಸಿದ ದಿನ ಮೈ ಅವನ ಜೊತೆ ಹೋಗುತ್ತದೆ, ಮೈಯ ದಾಖಲೆ ಹಿಂದೆ ಉಳಿಯಬಹುದು. ವಿದೇಶದಲ್ಲಿ ಈ ಚರ್ಚೆ ಆಗಲೇ ಕಾವೇರಿದೆ. ಬ್ರಿಟನ್ನಿನಲ್ಲಿ ಕಾರ್ಡಿಫ್ ಸಿಟಿಯ ಮಾಜಿ ಮ್ಯಾನೇಜರ್ ರಸೆಲ್ ಸ್ಲೇಡ್ ಮುಂದಾಳತ್ವದ 'ಪ್ರಾಜೆಕ್ಟ್ ರೆಡ್ ಕಾರ್ಡ್' ಹೆಸರಿನಲ್ಲಿ ನೂರಾರು ಫುಟ್‌ಬಾಲ್ ಆಟಗಾರರು 2021ರಲ್ಲಿ, ತಮ್ಮ ಆಟದ ದತ್ತಾಂಶ ಬಳಸಿ ಹಣ ಮಾಡುವ ಕಂಪನಿಗಳಿಗೆ ಕಾನೂನು ನೋಟಿಸ್ ಕಳಿಸಿದರು. ಆಟಗಾರರ ಜಾಗತಿಕ ಸಂಘ ಫಿಫ್‌ಪ್ರೊ 2022ರಲ್ಲಿ ಆಟಗಾರರ ದತ್ತಾಂಶ ಹಕ್ಕುಗಳ ಸನ್ನದನ್ನೇ ಹೊರತಂದಿತು.

ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಅವಕಾಶವಿದೆ. ಈ ಕಾಯ್ದೆಯಲ್ಲಿ ಆಟಗಾರರಿಗೆ ಸಂಬಂಧಿಸಿದ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಆರೋಗ್ಯ ಅಥವಾ ದೇಹದ ಮಾಹಿತಿಗೆ ಇದರಲ್ಲಿ ಪ್ರತ್ಯೇಕ 'ಸೂಕ್ಷ್ಮ' ವರ್ಗವಿಲ್ಲ. ನಿಮ್ಮ ಇಮೇಲ್ ವಿಳಾಸಕ್ಕೂ ನಿಮ್ಮ ಸ್ನಾಯುವಿನ ದಾಖಲೆಗೂ ಒಂದೇ ಅಳತೆ. ಎರಡು, ಉದ್ಯೋಗದ ಉದ್ದೇಶಕ್ಕೆ ದತ್ತಾಂಶ ಬಳಸಲು ಉದ್ಯೋಗಿಯ ಒಪ್ಪಿಗೆ ಬೇಕಿಲ್ಲ ಎಂಬ ವಿನಾಯಿತಿ 7ನೇ ಸೆಕ್ಷನ್‌ನಲ್ಲಿದೆ. ಆದರೆ ನನ್ನ ದತ್ತಾಂಶ ನನಗೆ ತೋರಿಸಿ ಎಂದು ಕೇಳುವ ಹಕ್ಕನ್ನು ಕಾಯ್ದೆ ಒಪ್ಪಿಗೆಯ ಜೊತೆಗೆ ಕಟ್ಟಿಹಾಕಿದೆ. ಒಪ್ಪಿಗೆಯನ್ನೇ ಕೇಳದ ಕಡೆ ಈ ಹಕ್ಕೂ ಸಡಿಲ. ಮೂರು, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ನಮ್ಮ ದತ್ತಾಂಶ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು, 2023ರ ಕಾಯ್ದೆಯಲ್ಲಿ ಇಲ್ಲ.

ಪುಣೆಯಿಂದ ಹೈದರಾಬಾದಿಗೆ, ಅಲ್ಲಿಂದ ಗುರುಗ್ರಾಮಕ್ಕೆ ಕೆಲಸ ಬದಲಿಸಿದ ಯಾರಿಗಾದರೂ ಯುಎಎನ್ ಬೆಲೆ ಗೊತ್ತು. ಮೊದಲು ಕಂಪನಿ ಬಿಟ್ಟಾಗಲೆಲ್ಲ ಪಿಎಫ್ ಖಾತೆ ಹಿಂದೆ ಬೀಳುತ್ತಿತ್ತು, ಹಳೆ ಆಫೀಸಿಗೆ ಅಲೆದಾಡಬೇಕಿತ್ತು. 2014ರಲ್ಲಿ 12 ಅಂಕಿಯ ಒಂದು ಸಂಖ್ಯೆ ಬಂದ ಮೇಲೆ ದುಡಿಮೆಯ ದಾಖಲೆ ದುಡಿದವನ ಜೊತೆ ನಡೆಯತೊಡಗಿತು. ಆಟಗಾರನಿಗೂ ಬೇಕಿರುವುದು ಅಂಥದೇ. ಆಟಗಾರನ ಕಸುಬು ಹೆಚ್ಚೆಂದರೆ ಹತ್ತು ಹದಿನೈದು ವರ್ಷದ್ದು. ಅದರಲ್ಲಿ ಒಂದು ವರ್ಷದ ದಾಖಲೆ ಕಳೆದುಹೋಗುವುದೂ ಸಣ್ಣ ನಷ್ಟವಲ್ಲ.

ಭಾರತದ ರಗ್ಬಿ ಇನ್ನೂ ಎಳೆಯದು. ಹಳೆಯ ಅಭ್ಯಾಸಗಳು ಬೇರೂರಿಲ್ಲ. ಹಾಗಾಗಿ ಸರಿಯಾದ ನಿಯಮ ಮಾಡಲು ಇದೇ ಹೊತ್ತು. ಲೀಗ್‌ನ ಒಪ್ಪಂದ ಪತ್ರದಲ್ಲಿ ಮೂರು ಸಾಲು ಸೇರಿಸಿದರೆ ಸಾಕು: ಆಟಗಾರನ ಜಿಪಿಎಸ್ ದಾಖಲೆಯ ಪೂರ್ಣ ಪ್ರತಿ, ಯಾವ ಉಪಕರಣ, ಯಾವ ಜರಡಿ ಎಂಬ ವಿವರದೊಂದಿಗೆ, ಪ್ರತಿ ಋತುವಿನ ಕೊನೆಗೆ ಅವನ ಕೈ ಸೇರಬೇಕು, ಸಂಭಾವನೆ ಅಥವಾ ಆಯ್ಕೆಯ ಮಾತುಕತೆಯಲ್ಲಿ ಈ ಅಂಕಿ ಬಳಸಿದರೆ ಅದನ್ನು ಅವನಿಗೆ ತೋರಿಸಿ ಪ್ರಶ್ನಿಸುವ ಅವಕಾಶ ಕೊಡಬೇಕು, ಮೂರನೆಯವರಿಗೆ ಮಾರುವುದಾದರೆ ಬೇರೆಯೇ ಒಪ್ಪಿಗೆ ಪಡೆಯಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಡ, ರಗ್ಬಿ ಒಕ್ಕೂಟ ಮತ್ತು ತಂಡದ ಮಾಲೀಕರು ಮನಸ್ಸು ಮಾಡಿದರೆ ಆಯಿತು.

ನಮ್ಮ ಪಾಲಿನ ಕೆಲಸವೂ ಇದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟೋ ಜನ ಇಂಥ ಡ್ಯಾಶ್‌ಬೋರ್ಡ್‌ಗಳನ್ನು ಬರೆಯುವವರೇ. ಆಟಗಾರರದಲ್ಲದಿದ್ದರೆ ಚಾಲಕರದು, ಡೆಲಿವರಿ ಹುಡುಗರದು, ಕಾಲ್ ಸೆಂಟರ್ ನೌಕರರದು. ಅಂಕಿಯ ಪಕ್ಕದಲ್ಲಿ ಅದು ಎಷ್ಟು ಅವಕಾಶಗಳಿಂದ ಬಂತು ಎಂಬ ಒಂದು ಅಂಕಣ ಸೇರಿಸುವುದು ಅರ್ಧ ದಿನದ ಕೆಲಸ. '3 ಸ್ಪ್ರಿಂಟ್' ಎನ್ನುವ ಬದಲು '4 ಅವಕಾಶದಲ್ಲಿ 3 ಸ್ಪ್ರಿಂಟ್' ಎಂದು ಬರೆದರೆ ಓದುವ ಕೋಚ್‌ನ ತೀರ್ಮಾನವೇ ಬದಲಾಗಬಹುದು. ಇನ್ನು ಮಕ್ಕಳನ್ನು ರಗ್ಬಿಗೋ ಫುಟ್‌ಬಾಲ್‌ಗೋ ಕಳಿಸುತ್ತಿರುವ ತಂದೆತಾಯಂದಿರಿಗೆ ಒಂದು ಮಾತು: ಅಕಾಡೆಮಿಯವರು ಮಗುವಿನ ಬೆನ್ನಿಗೆ ಉಪಕರಣ ಕಟ್ಟುವುದಾದರೆ, 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಕಾಯ್ದೆ. ಸಹಿ ಹಾಕುವ ಮುನ್ನ, ದಾಖಲೆಯ ಪ್ರತಿ ನಮಗೂ ಸಿಗುತ್ತದೆಯೇ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.